ಕುಂಕುಮ ಹಚ್ಚಿದ ಆರು ಚೆಂಡುಗಳು

ಇವತ್ತು ಐದೂಮುಕ್ಕಾಲಿಗೆ ಎದ್ದು ನೀರು ಹಿಡಿದಿಟ್ಟೆ. ಹಾಲು ಕಾಯಿಸಿದೆ. ನೆನೆಸಿದ್ದ ಹೆಸರುಕಾಳು ಬಸಿದು ಬಟ್ಟೆಯಲ್ಲಿ ಕಟ್ಟಿದೆ. ಇವರ ಡಬ್ಬಿಗೆ ಚಪಾತಿ, ತೊಂಡೆಕಾಯಿ ಪಲ್ಯ ಮಾಡಿದೆ. ಬಾಲ್ಕನಿಯಲ್ಲಿ ಪಾರಿವಾಳಗಳು ತಂದು ಹಾಕಿದ್ದ ಕಡ್ಡಿಗಳನ್ನು ಗುಡಿಸಿದೆ. ಎದುರುಮನೆಯವರ ಸೀರೆಗೆ ಫಾಲ್ ಹಚ್ಚಿ ಮುಗಿಸಿದೆ. ಹುಬ್ಬಳ್ಳಿಯಲ್ಲಿರುವ ಮಗಳಿಗೆ ಫೋನ್ ಮಾಡಿ, ಅವಳು ಎತ್ತದಿದ್ದಾಗ ಒಂದು ಗಂಟೆ ಬಿಟ್ಟು ಮತ್ತೆ ಮಾಡಿ, ಮಾತಾಡಿದೆ. ಮಧ್ಯಾಹ್ನ ಸ್ವಲ್ಪ ಅಡ್ಡಾದೆ. ಸಂಜೆ ನಾಲ್ಕೂವರೆಗೆ ಕೊತ್ತಂಬರಿ ತರಲು ಕೆಳಗಿಳಿದೆ.

ಕೊತ್ತಂಬರಿ ತರಲಿಲ್ಲ. ನಾವು ಈಗಿರುವುದು ಅಹಮದಾಬಾದಿನ ಸ್ಯಾಟಲೈಟಿನಲ್ಲಿ. ನಮ್ಮ ಸೊಸೈಟಿಯ ಮಕ್ಕಳಿಗೆ ಈ ಭಾನುವಾರ ಆಟೋಟ ಇಟ್ಟಿದ್ದಾರೆ. ವಾಚ್‌ಮನ್ ಅಂಗಳಕ್ಕೆ ನೀರು ಚಿಮುಕಿಸಿ, ತಳಕ್ಕೆ ತೂತು ಹೊಡೆದ ಡಬ್ಬಿಯಲ್ಲಿ ಸುಣ್ಣದ ಪುಡಿ ತುಂಬಿಕೊಂಡು, ಬಗ್ಗಿ ಬಗ್ಗಿ ಗೆರೆ ಎಳೆಯುತ್ತಿದ್ದ. ಹಸಿ ಮಣ್ಣಿನ ಮೇಲೆ ಸುಣ್ಣ ಬಿದ್ದಾಗ ಒಂದು ವಾಸನೆ ಏಳುತ್ತದೆ. ಸ್ವಲ್ಪ ಖಾರ, ಸ್ವಲ್ಪ ತಂಪು. ಮೂಗಿನ ಮೇಲ್ತುದಿಗೆ ಹೋಗಿ ಕೂತುಬಿಡುತ್ತದೆ. ಬೆಂಚಿನ ಮೇಲೆ ಕೂತೆ. ಅರ್ಧ ಗಂಟೆ ಎದ್ದೇಳಲಿಲ್ಲ. ಏಳು ವರ್ಷದ ಹಿಂದಿನ ಒಂದು ಮಳೆಗಾಲ, ಒಂದು ದಸರೆ, ವಡೋದರಾದ ಮಂಜಲ್‌ಪುರದ ಒಂದು ಸಣ್ಣ ಮೈದಾನ ಹಾಗೇ ಎದ್ದು ಬಂದವು.

ಆಗ ನನಗೆ ನಲವತ್ತಾರು. ಇವರು ವಿಮಾ ಕಚೇರಿಯ ವಡೋದರಾ ಶಾಖೆಯಲ್ಲಿದ್ದರು. ನಾನು ಮಂಜಲ್‌ಪುರದ ಒಂದು ಗುಜರಾತಿ ಮಾಧ್ಯಮದ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದೆ. ಮಕರಪುರಾ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರ ಮಕ್ಕಳೇ ಹೆಚ್ಚು. ಆ ಜೂನ್‌ನಲ್ಲಿ ಮಗಳು ಓದಲು ಹುಬ್ಬಳ್ಳಿಯ ಹಾಸ್ಟೆಲಿಗೆ ಹೋದಳು. ಮನೆಯಲ್ಲಿ ನಾವಿಬ್ಬರೇ ಉಳಿದೆವು. ಕುಕ್ಕರಿನಲ್ಲಿ ಅಕ್ಕಿಯ ಅಳತೆ ಮೂರು ವಾರ ತಪ್ಪುತ್ತಲೇ ಇತ್ತು.

ಶಾಲೆ ಶುರುವಾದ ಮೊದಲ ವಾರ ಪ್ರಿನ್ಸಿಪಾಲ್ ಬೆನ್ ಕರೆದರು. ಗುಜರಾತಿನಲ್ಲಿ ಹೆಂಗಸರನ್ನೆಲ್ಲ ಹೆಸರಿನ ಕೊನೆಗೆ ಬೆನ್ ಸೇರಿಸಿಯೇ ಕರೆಯುವುದು. ಅಕ್ಕ ಎಂದಂತೆ. ವ್ಯಾಯಾಮದ ಟೀಚರ್ ಕೆಲಸ ಬಿಟ್ಟು ಹೋಗಿದ್ದರು. ಹುಡುಗರನ್ನು ಗಣಿತದ ಸರ್ ನೋಡಿಕೊಳ್ಳುತ್ತಾರೆ, ಆರನೇ ತರಗತಿಯ ಹುಡುಗಿಯರಿಗೆ ಯಾರೂ ಇಲ್ಲ.

"ನಿಮಗೇ ಪಿರಿಯಡ್ ಕಡಿಮೆ ಇರೋದು, ಸುಮಂಗಲಾಬೆನ್. ಮಂಗಳವಾರ, ಶುಕ್ರವಾರ ಕೊನೆ ಪಿರಿಯಡ್. ಈ ವರ್ಷ ಫುಟ್‌ಬಾಲಿನ ಮೊದಲ ಪಾಠ. ಬರೀ ಮೂಲ ಪಾಠ, ಮತ್ತೇನಿಲ್ಲ. ಚೆಂಡು ತಳ್ಳಿಕೊಂಡು ಓಡೋದು, ಜೊತೆಯವಳಿಗೆ ಕೊಡೋದು, ಬಂದದ್ದನ್ನು ತಡೆಯೋದು, ಗುರಿಗೆ ಹೊಡೆಯೋದು, ಗೆರೆಯಾಚೆಯಿಂದ ಎಸೆಯೋದು. ಐದೇ."

"ಬೆನ್, ನಾನು ಸೂಜಿ ಹಿಡಿಯೋಳು."

"ದಿವಾಳಿ ರಜೆಗೆ ಮುಂಚೆ ಕ್ರೀಡಾ ಇಲಾಖೆಯಿಂದ ಒಬ್ಬರು ನೋಡೋಕೆ ಬರ್ತಾರೆ. ಹುಡುಗಿಯರಿಗೆ ಈ ಐದು ಬಂದರೆ ಮೈದಾನ ಅವರದ್ದೇ ಇರಲಿ. ಬರದಿದ್ದರೆ ರಜೆ ಆದಮೇಲೆ ಆ ಎರಡು ಪಿರಿಯಡ್ ಗಣಿತಕ್ಕೆ ಕೊಟ್ಟುಬಿಡ್ತೀನಿ. ಸರ್ ಆಗಲೇ ಕೇಳ್ತಿದ್ದಾರೆ."

ಮನೆಗೆ ಬರುವಾಗ ಸ್ಟೇಷನರಿ ಅಂಗಡಿಯಲ್ಲಿ ಒಂದು ಚೆಂಡು ಕೊಂಡು ತಂದೆ. ಇವರು ಚಹಾ ಕುಡಿಯುತ್ತಿದ್ದರು.

"ಯಾರಿಗದು?"

"ನನಗ."

"ನಿನಗ?"

"ಹೂಂ. ಶುಕ್ರವಾರದಿಂದ ಫುಟ್‌ಬಾಲ್ ಕಲಸ್ಬೇಕು ಹುಡಿಗ್ಯಾರಿಗೆ."

"ಅವರಿಗೆ ನೀ ಕಲಸ್ತಿ. ನಿನಗ ಯಾರು ಕಲಸ್ತಾರ?"

"ನೀವು."

"ನಾ ಕಾಲೇಜಿನ್ಯಾಗ ಕೇರಂ ಆಡಿದಾವ," ಎಂದರು. ಆದರೂ ಮರುದಿನ ಬೆಳಿಗ್ಗೆ ಬನಿಯನ್ನಿನ ಮೇಲೆ ಶರ್ಟು ತೊಟ್ಟು, ಮೊಬೈಲು ಹಿಡಿದು, ನನ್ನ ಹಿಂದೆ ಕೆಳಗಿಳಿದರು. ಸ್ಕೂಟರುಗಳಿಗೂ ನೀರಿನ ಟಾಕಿಗೂ ನಡುವೆ ಹತ್ತು ಮಾರು ಜಾಗ. ಅವರು ವಿಡಿಯೋ ನೋಡಿ ಓದಿ ಹೇಳುವುದು, ನಾನು ಮಾಡುವುದು. "ನಿಂತ ಕಾಲು ಚೆಂಡಿನ ಬಾಜೂಕ ಇರಬೇಕಂತ. ಹೊಡಿಯೂ ಕಾಲು ಬೆರಳಿನಿಂದ ಅಲ್ಲ, ಒಳಮೈಯಿಂದ. ಹಿಂಗ. ಏ, ಬೆರಳು ಮ್ಯಾಲ ಎತ್ತು!" ನನ್ನ ಚೆಂಡು ಟಾಕಿಗೆ ಬಡಿದು, ಯಾರದೋ ಸ್ಕೂಟರಿನ ಕೆಳಗೆ ಹೋಗಿ ನಿಂತಿತು. ಎರಡನೇ ಮಹಡಿಯ ಜ್ಯೋತ್ಸ್ನಾಬೆನ್ ಬಟ್ಟೆ ಒಣಹಾಕುತ್ತಾ ಬಗ್ಗಿ, "ಮದ್ರಾಸಿ ಬೆನ್, ಈ ವಯಸ್ಸಲ್ಲಿ ಯಾವ ಟೀಮಿಗೆ ಸೇರಿದ್ರಿ?" ಎಂದು ಕೇಳಿದರು. ಗದಗಿನವರೂ ಅವರಿಗೆ ಮದ್ರಾಸಿಗಳೇ. "ನಿಮ್ಮೆದುರು ಟೀಮಿಗೆ," ಎಂದೆ. ಅವರು ನಕ್ಕು ಒಳಗೆ ಹೋದರು. ಆಮೇಲೆ ದಿನಾ ಬೆಳಿಗ್ಗೆ ಅದೇ ಹೊತ್ತಿಗೆ ಬಟ್ಟೆ ಒಣಹಾಕತೊಡಗಿದರು.

ಶಾಲೆಯಲ್ಲಿ ಆರು ಚೆಂಡುಗಳಿದ್ದವು. ಇಪ್ಪತ್ತೆಂಟು ಹುಡುಗಿಯರು. ಮೊದಲ ದಿನ ಚೆಂಡು ಕಂಡರೆ ಓಡುವವರೇ ಎಲ್ಲ, ಆದರೆ ಹಿಂದಕ್ಕೆ. ಇವರು ನವರಾತ್ರಿಗೆ ಒಂಬತ್ತು ರಾತ್ರಿ ಗರಬಾ ಆಡುವ ಮಕ್ಕಳು, ಕಾಲು ತಾವೇ ಕಲಿತುಬಿಡುತ್ತವೆ ಅಂದುಕೊಂಡಿದ್ದೆ. ಸುಳ್ಳು. ಗರಬಾದಲ್ಲಿ ಕಾಲ ಕೆಳಗೆ ಏನೂ ಉರುಳುವುದಿಲ್ಲ.

ನನಗೆ ಗೊತ್ತಿದ್ದ ಭಾಷೆ ಹೊಲಿಗೆಯದು. ಅದರಲ್ಲೇ ಹೇಳಿದೆ. ಚೆಂಡು ತಳ್ಳಿಕೊಂಡು ಓಡುವುದು ಅಂದರೆ ಸಣ್ಣ ಸಣ್ಣ ಟಾಕಾ ಹಾಕಿದ ಹಾಗೆ, ದೂರ ದೂರ ಹಾಕಿದರೆ ಬಿಚ್ಚಿಹೋಗುತ್ತದೆ. ಜೊತೆಯವಳಿಗೆ ಕೊಡುವಾಗ ಪಾದ ಇಸ್ತ್ರಿಪೆಟ್ಟಿಗೆಯ ಹಾಗೆ ಬಿಗಿಯಾಗಿರಬೇಕು. ತಡೆಯುವುದು ಹೇಗೆ ಅಂತ ಹೇಳಲು ಮಾತ್ರ ಹೊಲಿಗೆ ಸಾಲಲಿಲ್ಲ. ಚೆಂಡು ಬಂದು ಗಟ್ಟಿ ಪಾದಕ್ಕೆ ಬಡಿದು ಮೂರು ಮಾರು ಹಾರುತ್ತಿತ್ತು. "ಮಲಗಿದ ಕೂಸನ್ನ ಒಬ್ಬರ ಕೈಯಿಂದ ಇನ್ನೊಬ್ಬರು ತಗೊಳ್ಳೋದು ನೋಡಿದ್ದೀರಲ್ಲ? ಕೈ ಮುಂದೆ ಹೋಗಿ, ಕೂಸಿನ ಜೊತೆ ಸ್ವಲ್ಪ ಹಿಂದೆ ಬರುತ್ತೆ. ಕಾಲೂ ಹಾಗೇ."

ಆಗ ಕೊನೆಯ ಸಾಲಿನಿಂದ ಕೃಪಾ ಮುಂದೆ ಬಂದಳು.

ಕೃಪಾ ಆ ತರಗತಿಯಲ್ಲಿ ಎಲ್ಲರಿಗಿಂತ ಒಂದು ಗೇಣು ಎತ್ತರ. ದಾಹೋದ್ ಕಡೆಯ ಹಳ್ಳಿಯಿಂದ ಅಪ್ಪ ಕೆಲಸಕ್ಕೆ ಬಂದಾಗ ಒಂದು ವರ್ಷ ಶಾಲೆ ತಪ್ಪಿ, ತನಗಿಂತ ಚಿಕ್ಕವರ ಜೊತೆ ಕೂರಬೇಕಾಗಿತ್ತು. ಅವಳ ತಮ್ಮ ತಂಗಿಯರು ಮೂವರನ್ನು ಅವಳೇ ಎತ್ತಿ ಬೆಳೆಸಿದ್ದಳು. ಮಲಗಿದ ಕೂಸನ್ನು ಎತ್ತಿಕೊಳ್ಳುವುದು ಆ ಮೈದಾನದಲ್ಲಿ ನನ್ನ ಬಿಟ್ಟರೆ ಅವಳಿಗೊಬ್ಬಳಿಗೇ ಗೊತ್ತಿತ್ತು. ನಾನು ಹೊಡೆದ ಚೆಂಡು ಅವಳ ಪಾದದ ಹತ್ತಿರ ಹೋಗಿ, ನಿದ್ದೆಗಣ್ಣಿನ ಬೆಕ್ಕಿನ ಹಾಗೆ ಮುದುಡಿ ಕೂತಿತು. ಇನ್ನೊಂದು ಹೊಡೆದೆ. ಅದೂ ಕೂತಿತು.

"ಎಲ್ಲಿ ಕಲಿತೆ?"

"ನೀವು ಈಗಷ್ಟೇ ಹೇಳಿದ್ರಲ್ಲ ಬೆನ್," ಎಂದಳು, ನನಗೇ ಮರೆತುಹೋಗಿದೆಯೇನೋ ಎಂಬಂತೆ.

ಅವಳು ಶಾಲೆಗೆ ಬರುವುದು ವಾರಕ್ಕೆ ಮೂರು ದಿನ. ಅವಳ ತಾಯಿ ಮನೆಯಲ್ಲೇ ದುಪಟ್ಟಾಗಳಿಗೆ ಮಣಿ ಕೂರಿಸುವ ಕೆಲಸ ಮಾಡುತ್ತಿದ್ದರು, ಕೈ ಸಾಲದ ದಿನ ಇವಳನ್ನು ಉಳಿಸಿಕೊಳ್ಳುತ್ತಿದ್ದರು. ಗಣಿತ ಬಾರದ ಹುಡುಗಿ ಮನೆಯಲ್ಲಿದ್ದರೆ ನಷ್ಟವೇನು ಎಂಬ ಲೆಕ್ಕ. ಆಗಸ್ಟ್ ಹೊತ್ತಿಗೆ ಹಾಜರಿ ಪುಸ್ತಕ ನೋಡಿದ ಕ್ಲಾಸ್ ಟೀಚರ್ ನನ್ನನ್ನು ಕರೆದು ತೋರಿಸಿದರು. ಜುಲೈಯಿಂದ ಈಚೆಗೆ ಕೃಪಾ ಒಂದು ಮಂಗಳವಾರವನ್ನೂ ಒಂದು ಶುಕ್ರವಾರವನ್ನೂ ತಪ್ಪಿಸಿರಲಿಲ್ಲ. ಆ ಎರಡು ದಿನಕ್ಕೆ ಬಂದವಳು ಮೆಲ್ಲಗೆ ಬುಧವಾರ, ಗುರುವಾರಕ್ಕೂ ಬರತೊಡಗಿದ್ದಳು.

"ಬೆನ್, ಈ ಪಿರಿಯಡ್ ಗಣಿತಕ್ಕೆ ಕೊಡ್ತಾರಂತೆ, ಹೌದಾ?" ಎಂದು ಒಂದು ದಿನ ಕೇಳಿದಳು.

"ಯಾರು ಹೇಳಿದ್ದು?"

"ಎಲ್ಲ ಹೇಳ್ತಾರೆ. ಕೊಟ್ಟರೆ ನಾನು ದಿವಾಳಿ ಆದಮೇಲೆ ಬರಲ್ಲ. ಮಮ್ಮಿನೂ ಹಾಗೇ ಅಂದಿದ್ದಾರೆ, ಬರೀ ಗಣಿತ ಆದ್ರೆ ಯಾಕೆ ಹೋಗ್ತೀಯ ಅಂತ." ಸಿಟ್ಟಿಲ್ಲ, ಅಳುವಿಲ್ಲ. ನಾಳೆ ನೀರು ಬರುವುದಿಲ್ಲ ಎಂದು ಪಕ್ಕದ ಮನೆಯವರು ತಿಳಿಸಿದ ಹಾಗೆ ಹೇಳಿದಳು.

ಮಳೆ ಹಿಡಿಯಿತು. ವಡೋದರಾದ್ದು ನಮ್ಮ ಗದಗಿನ ಹಾಗೇ ಕರೀ ಎರೆಮಣ್ಣು. ಮೈದಾನದಲ್ಲಿ ಮೂರು ಹೆಜ್ಜೆ ಇಟ್ಟರೆ ಬೂಟಿಗೊಂದು ಬೂಟು ಅಂಟಿಕೊಳ್ಳುತ್ತಿತ್ತು. ಆ ಮಣ್ಣು ಕಂಡಾಗ ಪರವೂರು ಅನ್ನಿಸಲಿಲ್ಲ ನನಗೆ. ಹುಡುಗಿಯರು ಸಲ್ವಾರ್ ಮೊಣಕಾಲಿಗೆ ಏರಿಸಿಕೊಂಡು, ಕೆಸರುಗಟ್ಟಿ ಕುಂಬಳಕಾಯಿಯಷ್ಟು ಭಾರವಾದ ಚೆಂಡನ್ನು ತಳ್ಳುತ್ತಿದ್ದರು. ನಾನೂ ಸೆರಗು ಸಿಕ್ಕಿಸಿಕೊಂಡು ಜೊತೆಗೆ ಓಡುತ್ತಿದ್ದೆ. ಹತ್ತನೇ ಇಯತ್ತೆಯ ಮೇಲೆ ನಾನು ಓಡಿಯೇ ಇರಲಿಲ್ಲ. ಮೊದಮೊದಲು ಮೊಣಕಾಲು ಕಟಕಟ ಎನ್ನುತ್ತಿತ್ತು. ಸೆಪ್ಟೆಂಬರ್ ಹೊತ್ತಿಗೆ ಅದೂ ಸುಮ್ಮನಾಯಿತು. ಸಂಜೆ ಮನೆಗೆ ಬಂದರೆ ಖಾಲಿ ಕೋಣೆ ನೋಡಿ ಕೂರುವಷ್ಟು ಶಕ್ತಿಯೇ ಉಳಿಯುತ್ತಿರಲಿಲ್ಲ. ಅದಕ್ಕೆ ಈಗಲೂ ಆ ಹುಡುಗಿಯರಿಗೆ ಕೈಮುಗಿಯುತ್ತೇನೆ.

ದಸರೆ ಬಂದಾಗ ಹುಡುಗಿಯರಿಗೆ ಐದರಲ್ಲಿ ಐದೂ ಬಂದಿತ್ತು. ಕೆಡಿಸಿದವಳು ನಾನು.

ನನ್ನ ಅಪ್ಪ ಗದಗಿನಲ್ಲಿ ಟೇಲರ್. ನಮ್ಮ ಮನೆಯಲ್ಲಿ ಯುಗಾದಿ ತಪ್ಪಿದರೂ ಖಂಡೇಪೂಜೆ ತಪ್ಪುತ್ತಿರಲಿಲ್ಲ. ಮಹಾನವಮಿಯ ದಿನ ಮಷೀನು, ಕತ್ತರಿ, ಟೇಪು, ಕೊನೆಗೆ ಗುಂಡಿಯ ಡಬ್ಬಿ ಸಹಿತ ತೊಳೆದು ಒರೆಸಿ ಕುಂಕುಮ ಹಚ್ಚಿ ಚೆಂಡುಹೂ ಇಡುತ್ತಿದ್ದರು. "ದುಡಿಯೂ ಸಾಮಾನಕ್ಕ ವರ್ಷದಾಗ ಒಂದಿನ ನಾವು ದುಡೀಬೇಕು," ಎನ್ನುತ್ತಿದ್ದರು. ಶಾಲೆಯ ಹೊಲಿಗೆ ಕೋಣೆಯಲ್ಲಿಯೂ ನಾನು ಪ್ರತಿವರ್ಷ ಮಷೀನಿಗೆ ಪೂಜೆ ಮಾಡುತ್ತಿದ್ದೆ. ಆ ವರ್ಷ ನವಮಿ ಶುಕ್ರವಾರ ಬಂತು. ಕೊನೆಯ ಪಿರಿಯಡ್ ಆಟದ್ದು. ನಾಲ್ಕು ತಿಂಗಳು ಕೆಸರಲ್ಲಿ ದುಡಿದ ಚೆಂಡುಗಳನ್ನು ಬಿಡುವುದು ಹೇಗೆ? ಆರನ್ನೂ ಸೋಪು ಹಚ್ಚಿ ತೊಳೆಸಿದೆ. ಮೈದಾನದ ಮೂಲೆಯಲ್ಲಿ ಚಾಪೆ ಹಾಸಿ ಸಾಲಾಗಿ ಇಟ್ಟು, ಒಂದೊಂದಕ್ಕೂ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಊದುಬತ್ತಿ ಬೆಳಗಿ, ತೆಂಗಿನಕಾಯಿ ಒಡೆದೆ. ಹುಡುಗಿಯರು ಕಣ್ಣುಮುಚ್ಚಿ ಕೈಮುಗಿದು ನಿಂತರು. ಕೃಪಾ ಎಲ್ಲರಿಗಿಂತ ಜಾಸ್ತಿ ಹೊತ್ತು ಕಣ್ಣು ಮುಚ್ಚಿದ್ದಳು. ಬೆಲ್ಲ ಕೊಬ್ಬರಿ ಹಂಚಿದೆ. ಬಹಳ ಚೆನ್ನಾಯಿತು ಅಂದುಕೊಂಡು ಮನೆಗೆ ಹೋದೆ.

ದಸರೆ ಕಳೆದು, ಎಲ್ಲರೂ ಫಾಫ್ಡಾ ಜಲೇಬಿ ತಿಂದು, ಮಂಗಳವಾರ ಬಂತು. ಸುಣ್ಣದ ಗೆರೆ ಎಳೆಯುವ ಪ್ಯೂನ್ ರಮಣಕಾಕಾ ಚೆಂಡಿನ ಚೀಲ ತರಲಿಲ್ಲ, ಬರಿಗೈಯಲ್ಲಿ ಬಂದರು.

"ಚೆಂಡು ಎಲ್ಲಿ ಕಾಕಾ?"

"ಪ್ರಿನ್ಸಿಪಾಲ್ ಬೆನ್ ಕಪಾಟಿನ ಮೇಲಿಟ್ಟಿದ್ದೀನಿ. ಪೂಜೆ ಆದ ಸಾಮಾನು, ಹಳೇ ಬೂಟಿನ ಜೊತೆ ಹೇಗೆ ಇಡೋದು ಬೆನ್?"

ಸ್ಟೂಲು ಹತ್ತಿ ಇಳಿಸಿ, ಎರಡು ಕೈಯಲ್ಲಿ ಹಿಡಿದು ತಂದುಕೊಟ್ಟರು. ಕುಂಕುಮ ಇನ್ನೂ ಇತ್ತು. ಗೆರೆಯ ಮೇಲೆ ಇಟ್ಟೆ. ಸೀಟಿ ಊದಿದೆ. ಮೊದಲ ಸಾಲಿನ ಆರು ಹುಡುಗಿಯರು ಮುಂದೆ ಬಂದು ಚೆಂಡಿನ ಹತ್ತಿರ ನಿಂತರು. ನಿಂತೇ ಇದ್ದರು.

"ಯಾಕೆ?"

"ಪಗ್ ನ ಲಗಾಡಾಯ್, ಬೆನ್," ಎಂದಳು ಒಬ್ಬಳು. ಕಾಲು ತಾಗಿಸಬಾರದು.

ನಾನು ನಕ್ಕೆ. ಹುಚ್ಚು ಹುಡುಗಿಯರಾ, ಇದು ಚೆಂಡು, ನೋಡಿ ನಾನೇ ಹೊಡೀತೀನಿ ಅಂತ ಮುಂದೆ ಹೋದೆ. ನಿಂತ ಕಾಲು ಚೆಂಡಿನ ಪಕ್ಕಕ್ಕೆ ಇಟ್ಟೆ. ಹೊಡೆಯುವ ಕಾಲು ಏಳಲಿಲ್ಲ. ಪುಸ್ತಕಕ್ಕೆ, ಮೊರಕ್ಕೆ, ಬಿದ್ದ ಅಕ್ಕಿಕಾಳಿಗೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಂಡು ಬೆಳೆದವಳು ನಾನು. ನಾನೇ ಕುಂಕುಮ ಹಚ್ಚಿದ ಚೆಂಡು ನನ್ನನ್ನೇ ನೋಡುತ್ತಿತ್ತು. ಇಪ್ಪತ್ತೆಂಟು ಜೊತೆ ಕಣ್ಣುಗಳೂ ನೋಡುತ್ತಿದ್ದವು. ಕಾಲು ಹಿಂದಕ್ಕೆ ತಗೊಂಡೆ. ಅವತ್ತು ಪಿರಿಯಡ್ ಪೂರ್ತಿ ಗೆರೆಯಾಚೆಯಿಂದ ಕೈಯಲ್ಲಿ ಎಸೆಯುವುದೊಂದನ್ನೇ ಮಾಡಿದೆವು. ಎಷ್ಟು ಚೆನ್ನಾಗಿ ಎಸೆದರು, ಎಷ್ಟು ಭಕ್ತಿಯಿಂದ ಹಿಡಿದರು!

ನೋಡಲು ಬರುವವರು ಬರುವುದಕ್ಕೆ ಹತ್ತು ದಿನ ಉಳಿದಿತ್ತು.

ಕುಂಕುಮ ತೊಳೆದರೆ? ತೊಳೆದೆ. ಕೃಪಾ ತಲೆ ಅಲ್ಲಾಡಿಸಿದಳು. "ಹಣೆ ತೊಳೆದುಕೊಂಡ್ರೆ ಮಾತಾಜಿ ಹೋಗ್ತಾಳಾ ಬೆನ್?" ಹೊಸ ಚೆಂಡು ತಂದರೆ? ಪ್ರಿನ್ಸಿಪಾಲ್ ಬೆನ್ ಹತ್ತಿರ ಯಾಕೆ ಬೇಕು ಅಂತ ಹೇಳುವ ಧೈರ್ಯ ನನಗಿರಲಿಲ್ಲ. ಸಂಜೆ ಮನೆಯಲ್ಲಿ ಇವರ ಮುಂದೆ ಹೇಳಿಕೊಂಡೆ. ಮೊದಲು ಐದು ನಿಮಿಷ ನಕ್ಕರು.

"ಒದಿಯೋ ಸಾಮಾನಕ್ಕ ಪೂಜಿ ಮಾಡೂಕಿಂತ ಮೊದಲ ಒಂದು ಮಾತು ಕೇಳಬೇಕಿಲ್ಲೇನು ನನ್ನ?"

"ನೀವು ನಿಮ್ಮ ಗಾಡಿಗೆ ಪೂಜಿ ಮಾಡಿ ಮರುದಿನ ಕಿಕ್ ಹೊಡಿಯಂಗಿಲ್ಲೇನು?"

"ನಂದು ಸೆಲ್ಫ್ ಸ್ಟಾರ್ಟ್ ಐತಿ," ಎಂದರು.

ನಗು ಬರಲಿಲ್ಲ ನನಗೆ. "ಅಕಿ ಬಿಟ್ಟು ಹೋಗ್ತಾಳ್ರೀ," ಎಂದೆ. ಯಾರು ಎಂದು ಅವರು ಕೇಳಲಿಲ್ಲ. ಆ ನಾಲ್ಕು ತಿಂಗಳು ಊಟಕ್ಕೆ ಕೂತಾಗಲೆಲ್ಲ ಕೃಪಾಳ ಹೆಸರು ಕೇಳಿದ್ದರು.

ಬುಧವಾರ ದೊಡ್ಡ ವಿರಾಮದಲ್ಲಿ ಕೃಪಾ ಹೊಲಿಗೆ ಕೋಣೆಗೆ ಬಂದಳು. ಮಣಿ ಕೂರಿಸುವ ಮನೆಯ ಮಗಳು, ಸೂಜಿಗೆ ದಾರ ಪೋಣಿಸುವುದರಲ್ಲಿ ಎತ್ತಿದ ಕೈ. ನನ್ನ ಕಣ್ಣಿಗೆ ಆಗಲೇ ಚಾಳೀಸು ಬಂದಿದ್ದರಿಂದ ಅವಳೇ ಇಪ್ಪತ್ತು ಸೂಜಿಗೆ ಪೋಣಿಸಿಟ್ಟು ಹೋಗುತ್ತಿದ್ದಳು. ನಾನು ಮಷೀನಿನ ಮೇಲೆ ಪರದೆಯ ಅಂಚು ಹೊಡೆಯುತ್ತಿದ್ದೆ. ಅವಳು ನೆಲದ ಮೇಲೆ ಕೂತಿದ್ದಳು. ಕೂತವಳ ಕಣ್ಣಿನ ಮಟ್ಟಕ್ಕೆ ನನ್ನ ಪಾದಗಳು. ಸ್ವಲ್ಪ ಹೊತ್ತಿಗೆ ಅವಳ ಕೈ ನಿಂತಿತು.

"ಬೆನ್, ಸಂಚಾಗೂ ಪೂಜೆ ಮಾಡಿದ್ರಲ್ವಾ?" ಹೊಲಿಗೆ ಮಷೀನಿಗೆ ಅಲ್ಲಿ ಸಂಚೊ ಅನ್ನುತ್ತಾರೆ.

"ಮಾಡಿದೆನಲ್ಲ. ಗಾಲಿ ಮೇಲೆ ಹೂವು ನೋಡು, ಇನ್ನೂ ಇದೆ."

"ಮತ್ತೆ ಕಾಲು?"

ನನ್ನ ಎರಡು ಪಾದಗಳೂ ಪೆಡಲಿನ ಮೇಲಿದ್ದವು. ಮೂವತ್ತು ವರ್ಷ ಅಲ್ಲೇ ಇದ್ದವು. ನನ್ನ ಅಪ್ಪನವು ಅರವತ್ತು ವರ್ಷ. ಒಮ್ಮೆಯೂ ತಪ್ಪು ಅನ್ನಿಸಿರಲಿಲ್ಲ ನಮಗೆ.

"ಇದು ನಡೆಯೋದೇ ಕಾಲಿಂದಲ್ವಾ ಕೃಪಾ," ಎಂದೆ, ಅವಳಿಗಿಂತ ಹೆಚ್ಚು ನನಗೇ.

ಅವಳು ಬಾಯಲ್ಲಿದ್ದ ದಾರದ ತುದಿ ಕಚ್ಚಿ ತುಂಡು ಮಾಡಿದಳು. ಯೋಚಿಸಿದಳು. "ಹಾಗಾದ್ರೆ ಚೆಂಡನ್ನ ಕಪಾಟಿನ ಮೇಲೆ ಇಟ್ರೇನೇ ಅದಕ್ಕೆ ಬೇಜಾರಾಗೋದು," ಎಂದಳು. ಉಳಿದ ಸೂಜಿಗಳನ್ನು ಹಾಗೇ ಬಿಟ್ಟು ಎದ್ದು ಹೊರಟಳು.

ತರಗತಿಯಲ್ಲಿ ಏನು ಹೇಳಿದಳೋ, ಮಧ್ಯಾಹ್ನ ಮೂರು ಮೂರು ಹುಡುಗಿಯರು ಹೊಲಿಗೆ ಕೋಣೆಯ ಬಾಗಿಲಿಗೆ ಬಂದು, ನನ್ನ ಮುಖ ನೋಡದೆ ಬಗ್ಗಿ ಮಷೀನಿನ ಕೆಳಗೆ ಮಾತ್ರ ನೋಡಿ ಹೋದರು. ನಾನು ಸುಮ್ಮನೆ ಪೆಡಲು ತುಳಿಯುತ್ತಲೇ ಇದ್ದೆ. ಪರದೆ ಮುಗಿದಿತ್ತು. ಚಿಂದಿ ಬಟ್ಟೆಯ ಮೇಲೆ ತುಳಿದೆ.

ಶುಕ್ರವಾರ ಮೊದಲು ಹೊಡೆದವಳು ಕೃಪಾ. ಚೆಂಡು ನೆಟ್ಟಗೆ ಹೋಯಿತು. ಎದುರಿನವಳು ತಡೆದಳು. ತಡೆದವಳೇ ಬಗ್ಗಿ ಚೆಂಡನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮುಂದಿನವಳೂ ಹಾಗೇ. ಕಾಲು ಒಪ್ಪಿಕೊಂಡಿತ್ತು, ಕೈ ಒಪ್ಪಿರಲಿಲ್ಲ. ಇಪ್ಪತ್ತೆಂಟು ಹುಡುಗಿಯರು, ಪ್ರತಿಯೊಂದು ಹೊಡೆತಕ್ಕೂ ಒಂದು ನಮಸ್ಕಾರ. ಆಟದಲ್ಲಿ ಚೆಂಡಿಗೆ ಕೈ ತಾಗಿದರೆ ತಪ್ಪು ಅನ್ನುವುದು ಕೂಡ ಇದೇ ಐದರ ಜೊತೆ ಕಲಿಸಿದ ಪಾಠ. ಬೈಯಲು ಬಾಯಿ ಬರಲಿಲ್ಲ. ನನ್ನ ಕೈಯೂ ಎರಡು ಸಲ ಕೆಳಗೆ ಹೋಗಿ ಬಂದಿತ್ತು.

ಮರುದಿನ ಗುಂಡಿಯ ಡಬ್ಬಿ ತೆಗೆದುಕೊಂಡು ಹೋದೆ. ಉಳಿದ ದಿನಗಳಿಗೆ ಪ್ರಿನ್ಸಿಪಾಲ್ ಬೆನ್ ಹತ್ತಿರ ಬೇಡಿ ಬೆಳಗಿನ ಪ್ರಾರ್ಥನೆಗೆ ಮುಂಚಿನ ಅರ್ಧ ಗಂಟೆಯನ್ನೂ ಇಸಿದುಕೊಂಡಿದ್ದೆ. ಒಬ್ಬೊಬ್ಬಳ ಎರಡೂ ಮುಷ್ಟಿಯಲ್ಲಿ ಒಂದೊಂದು ಗುಂಡಿ. "ಬಿದ್ದರೆ ಮೊದಲಿಂದ." ಮುಷ್ಟಿ ಬಿಗಿಹಿಡಿದ ಕೈ ನಮಸ್ಕಾರಕ್ಕೆ ಏಳುವುದಿಲ್ಲ. ಮೊದಲ ದಿನ ಮೈದಾನದ ತುಂಬ ಗುಂಡಿ ಹೆಕ್ಕಿದೆವು. ನಾಲ್ಕನೇ ದಿನ ಆರೋ ಏಳೋ ಬಿದ್ದವು. ಗುಂಡಿ ಬೀಳಿಸುವವಳು ಕೊನೆಗೆ ಒಬ್ಬಳೇ ಉಳಿದಳು. ಎಲ್ಲರಿಗೂ ಧೈರ್ಯ ಕೊಟ್ಟವಳು ಕೃಪಾ. ಚೆಂಡು ಅವಳ ಪಾದಕ್ಕೆ ಬಂದು ಮಲಗಿದ ಕೂಡಲೇ ಮುಷ್ಟಿ ತಾನಾಗಿ ಬಿಚ್ಚುತ್ತಿತ್ತು.

"ಬೇಕಂತ ಅಲ್ಲ ಬೆನ್. ಅದು ಅಷ್ಟು ಚೆನ್ನಾಗಿ ಬರುತ್ತಲ್ಲ, ಕೈ ತಾನೇ ಹೋಗುತ್ತೆ."

"ಗೊತ್ತು," ಎಂದೆ.

ನೋಡಲು ಬಂದವರು ಐವತ್ತರ ಆಸುಪಾಸಿನ ಹೆಂಗಸು. ಸೀರೆಯ ಮೇಲೆ ಟೋಪಿ, ಕೊರಳಲ್ಲಿ ಸೀಟಿ, ಕಾಲಲ್ಲಿ ನಿಜವಾದ ಆಟದ ಬೂಟು. ಇವರು ಆಡಿ ಬಂದವರು. ಪ್ರಿನ್ಸಿಪಾಲ್ ಬೆನ್ ಕುರ್ಚಿ ಹಾಕಿಸಿಕೊಂಡು ಕೂತಿದ್ದರು, ಪಕ್ಕದಲ್ಲಿ ಗಣಿತದ ಸರ್. ಹುಡುಗಿಯರ ಕೈ ಖಾಲಿ. ಗುಂಡಿ ಹಿಡಿಯುವಂತಿಲ್ಲ ಅಂತ ನಾನೇ ಹೇಳಿದ್ದೆ.

ಎತ್ತರದ ಪ್ರಕಾರ, ಚಿಕ್ಕವಳಿಂದ ಶುರು. ಇಟ್ಟಿಗೆಗಳ ನಡುವೆ ಚೆಂಡು ತಳ್ಳಿಕೊಂಡು ಹೋಗುವುದು, ಕೊಡುವುದು, ತಡೆಯುವುದು, ಎರಡು ಸ್ಕೂಲ್ ಬ್ಯಾಗುಗಳ ನಡುವೆ ಹೊಡೆಯುವುದು, ಎಸೆಯುವುದು. ಒಂದಿಬ್ಬರು ಇಟ್ಟಿಗೆ ಎಡವಿದರು. ಒಬ್ಬಳು ಬ್ಯಾಗಿಗೇ ಹೊಡೆದು ಟಿಫಿನ್ ಡಬ್ಬಿ ಹೊರಗೆ ಬಂತು. ಆದರೆ ಇಪ್ಪತ್ತೇಳು ಹುಡುಗಿಯರಲ್ಲಿ ಒಬ್ಬಳ ಕೈಯೂ ಕೆಳಗೆ ಹೋಗಲಿಲ್ಲ. ನನ್ನ ಉಗುರು ನನ್ನ ಅಂಗೈಯಲ್ಲಿ ಊರಿಹೋಗಿತ್ತು.

ಕೊನೆಗೆ ಕೃಪಾ. ಅವಳು ಕಲಿತದ್ದು ಎಷ್ಟು ಎಂದು ನೋಡಲು ಬಂದವರಿಗೆ ಎರಡೇ ಹೆಜ್ಜೆಯಲ್ಲಿ ತಿಳಿಯಿತೇನೋ, ತಡೆಯುವ ಸರದಿಗೆ ಬಂದಾಗ ಜೊತೆಯವಳನ್ನು ಸರಿಸಿ ತಾವೇ ಎದುರು ನಿಂತರು. ಸೀರೆ ಸ್ವಲ್ಪ ಎತ್ತಿಕೊಂಡು, ಜೋರಾಗಿ ಹೊಡೆದರು. ನಾಲ್ಕು ತಿಂಗಳಲ್ಲಿ ಆ ಮೈದಾನದಲ್ಲಿ ಯಾರೂ ಹಾಗೆ ಹೊಡೆದಿರಲಿಲ್ಲ. ಚೆಂಡು ನೆಲಕ್ಕೆ ತಾಗಿಯೂ ತಾಗದಂತೆ ಬಂತು. ಕೃಪಾಳ ಕಾಲು ಮುಂದೆ ಹೋಯಿತು, ಚೆಂಡಿನ ಜೊತೆ ಹಿಂದೆ ಬಂತು. ಸದ್ದೇ ಇಲ್ಲ. ಚೆಂಡು ಅವಳ ಹೆಬ್ಬೆರಳಿಗೆ ಒರಗಿ ನಿಂತಿತು.

ಅವಳ ಬಲಗೈ ಹೊರಟಿತು. ಕಂಡೆ. ಸೊಂಟ ದಾಟಿತು, ತೊಡೆ ದಾಟಿತು. ಮೊಣಕಾಲಿನ ಹತ್ತಿರ ತಡೆಯಿತು. ಒಂದು ಕ್ಷಣ ಅಲ್ಲೇ ನಿಂತು, ಆಮೇಲೆ ಮೊಣಕಾಲನ್ನು ಕರಕರ ಕೆರೆಯಿತು.

"ಏನಾಯ್ತು?" ಎಂದರು ಟೋಪಿಯ ಬೆನ್.

"ಸೊಳ್ಳೆ, ಬೆನ್. ಇಲ್ಲಿ ಬಹಳ ಸೊಳ್ಳೆ."

"ಇರಲಿ. ಈ ಹುಡುಗಿ ಎಷ್ಟು ವರ್ಷದಿಂದ ಆಡ್ತಿದ್ದಾಳೆ?" ಎಂದು ನನ್ನ ಕಡೆ ತಿರುಗಿದರು.

"ಜುಲೈಯಿಂದ," ಎಂದೆ.

ಅವರು ಕಾಗದದ ಮೇಲೆ ಏನೋ ಬರೆದರು. ಪ್ರಿನ್ಸಿಪಾಲ್ ಬೆನ್ ಅದನ್ನು ಓದಿ, ಕನ್ನಡಕ ತೆಗೆದು, ಗಣಿತದ ಸರ್ ಕಡೆಗೆ, "ನಿಮಗೆ ಬೇರೆ ಯಾವುದಾದರೂ ಪಿರಿಯಡ್ ಹುಡುಕೋಣ," ಎಂದರು. ಹುಡುಗಿಯರು ಕಿರುಚಿದ್ದಕ್ಕೆ ಪಕ್ಕದ ಕಟ್ಟಡದ ಕಿಟಕಿಗಳು ತೆರೆದವು. ರಮಣಕಾಕಾ ಯಾಕೆ ಅಂತ ತಿಳಿಯದೆ ಗಂಟೆ ಹೊಡೆದುಬಿಟ್ಟರು. ಎಲ್ಲ ತರಗತಿಗಳೂ ಹತ್ತು ನಿಮಿಷ ಮುಂಚೆ ಬಿಟ್ಟವು.

ಆಮೇಲೆ ಎರಡು ವರ್ಷ ನಾನು ಅದೇ ಮೈದಾನದಲ್ಲಿ ಕಲಿಸಿದೆ. ಎರಡೂ ವರ್ಷ ಖಂಡೇಪೂಜೆ ಮಾಡಿದೆವು, ಚೆಂಡುಗಳಿಗೂ ಮಾಡಿದೆವು. ಆದರೆ ತೆಂಗಿನಕಾಯಿ ಒಡೆದ ಕೂಡಲೇ ಅಲ್ಲೇ ಒಂದು ಸುತ್ತು ಆಡಿಬಿಡುತ್ತಿದ್ದೆವು, ಮರುದಿನಕ್ಕೆ ಬಿಡುತ್ತಿರಲಿಲ್ಲ. ಅದು ಕೃಪಾ ಮಾಡಿದ ನಿಯಮ. ಎಂಟನೆಯದು ಮುಗಿಸುವವರೆಗೆ ಅವಳು ಬಂದಳು. ಗಣಿತವನ್ನೂ ಹೇಗೋ ದಾಟಿದಳು. ಅಷ್ಟರಲ್ಲಿ ಇವರಿಗೆ ಅಹಮದಾಬಾದಿಗೆ ವರ್ಗವಾಯಿತು. ಯಾರಾದರೂ ನಿನಗೆ ವಡೋದರಾ ಏನು ಕೊಟ್ಟಿತು ಎಂದರೆ ದೊಡ್ಡದಾಗಿ ಹೇಳಲು ನನ್ನ ಹತ್ತಿರ ಏನೂ ಇಲ್ಲ. ನಲವತ್ತಾರರಲ್ಲಿ ಓಡಲು ಒಂದು ಕಾರಣ ಕೊಟ್ಟಿತು. ನನ್ನ ತಪ್ಪನ್ನು ನನಗಿಂತ ಚೆನ್ನಾಗಿ ಬಿಡಿಸಿದ ಒಬ್ಬ ಹುಡುಗಿಯನ್ನು ಕೊಟ್ಟಿತು. ಸಾಕು.

ಟೋಪಿಯ ಬೆನ್ ಬಂದ ಆ ದಿನ ಎಲ್ಲರೂ ಹೋದಮೇಲೆ ಕೃಪಾ ಚೆಂಡುಗಳನ್ನು ಬಲೆಯ ಚೀಲಕ್ಕೆ ತುಂಬುತ್ತಿದ್ದಳು. ಒಂದೊಂದನ್ನೂ ಕಾಲಿನಿಂದಲೇ ಎತ್ತಿ ಹಾಕುತ್ತಿದ್ದಳು, ಜಂಬಕ್ಕೆ.

"ಬೆನ್, ದಿವಾಳಿ ರಜೆ ಎಷ್ಟು ದಿನ?"

"ಇಪ್ಪತ್ತೊಂದು."

"ಅಷ್ಟೊಂದಾ?" ಎಂದು ಮುಖ ಸಣ್ಣಗೆ ಮಾಡಿದಳು. ವಾರಕ್ಕೆ ಮೂರು ದಿನ ಬರುತ್ತಿದ್ದವಳು. ನಾನು ಚೀಲದ ಹಗ್ಗ ಕಟ್ಟುವ ನೆಪದಲ್ಲಿ ಬಗ್ಗಿದೆ.

ಮನೆಗೆ ಬಂದಾಗ ಆರೂವರೆ. ಇವರು ಮಂಜಲ್‌ಪುರ ನಾಕಾದಿಂದ ಬಟಾಣಿಯ ಸೇವ್ ಉಸಳ್ ಕಟ್ಟಿಸಿ ತಂದಿದ್ದರು. ನಾನು ಅನ್ನಕ್ಕಿಟ್ಟೆ. ಖಾರಕ್ಕೆ ಇಬ್ಬರ ಮೂಗಲ್ಲೂ ನೀರು. ಕೊನೆಗೆ ಮೊಸರನ್ನ, ಗದಗಿನ ಉಪ್ಪಿನಕಾಯಿ. ಅವರು ಎಲ್ಲವನ್ನೂ ಮೊದಲಿಂದ ಹೇಳಿಸಿದರು, ಸೊಳ್ಳೆಯ ಮಾತನ್ನು ಎರಡು ಸಲ. ಹಾಲಿಗೆ ಹೆಪ್ಪು ಹಾಕಿ ಏಳಬೇಕು ಅಂತ ಗೋಡೆಗೆ ಒರಗಿ ಕಾಲು ಚಾಚಿದ್ದಷ್ಟೇ ನೆನಪು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅಡುಗೆಮನೆಯ ದೀಪ ಆರಿಸದೆ ನಾನು ಮಲಗಿದ್ದಿಲ್ಲ. ಆ ದಿನ ಎಂಟೂವರೆಗೆ, ತಟ್ಟೆ ಪಾತ್ರೆ ಹಾಗೇ ಬಿಟ್ಟು, ಮೊದಲು ಮಲಗಿದವಳು ನಾನು. ಹೆಪ್ಪು ಇವರು ಹಾಕಿದರು. ಬೆಳಿಗ್ಗೆ ಮೊಸರು ಸ್ವಲ್ಪ ಹುಳಿಯಾಗಿತ್ತು. ಇಬ್ಬರೂ ಏನೂ ಅನ್ನದೆ ಉಂಡೆವು.